ಸೋಮಾರಿ ಅನ್ನಿಸಿಕೊಂಡವಳು

“ನೀನು ಆ ಕಡೆ ತುದಿ ಹಿಡಿ,” ಅಂದ ಗಂಡ.

ಅವನು ಹಾಸಿಗೆಯ ತಲೆಯ ಕಡೆ ಎರಡು ಮೂಲೆಗಳನ್ನೂ ಮುಷ್ಟಿಯಲ್ಲಿ ಹಿಡಿದು ಬಗ್ಗಿ ನಿಂತಿದ್ದ. ಹಾಸಿಗೆಯ ಮೇಲೆ ಅವನ ತಾಯಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಬೆಳಿಗ್ಗೆ ಎಂಟು ಗಂಟೆ ದಾಟಿತ್ತು. ಬೀದಿಯಲ್ಲಿ ಅಂಗಡಿಗಳ ಬಾಗಿಲು ಮೇಲೇರುವ ಸದ್ದು ಒಂದಾದ ಮೇಲೊಂದು ಕೇಳುತ್ತಿತ್ತು. ಇವರ ಅಂಗಡಿಯೊಂದೇ ಇನ್ನೂ ತೆರೆದಿರಲಿಲ್ಲ. ಸೊಸೆ ಕಾಲಿನ ಕಡೆ ನಿಂತಿದ್ದಳು.

“ಹಿಡಿ ಅಂದ್ನಲ್ಲ.”

“ಹಿಡಿಯಲ್ಲ.”

“ನೋಡು, ಇವತ್ತಿಗೆ ಒಂಬತ್ತು ದಿನ ಆಯ್ತು. ಜ್ವರ ಇಲ್ಲ, ನೋವಿಲ್ಲ. ಕೇಳಿದ್ರೆ ಏನೂ ಇಲ್ಲ ಅಂತಾರೆ. ಏನೂ ಇಲ್ಲ ಅಂದ್ಮೇಲೆ ಏಳ್ಬೇಕು ತಾನೆ? ಹಾಸಿಗೆ ಇದ್ರೆ ತಾನೆ ಮಲಗೋದು? ನಿನಗೂ ಅಮ್ಮ ಇದನ್ನೇ ಮಾಡಿದ್ದು. ಎದ್ದೆಯೋ ಇಲ್ವೋ?”

ಸೊಸೆ ಹಾಸಿಗೆಯ ಅಂಚಿನಲ್ಲಿ, ಅತ್ತೆಯ ಪಾದಗಳ ಪಕ್ಕ ಕೂತುಬಿಟ್ಟಳು. ಈ ಮನೆಗೆ ಬಂದು ಹದಿಮೂರು ವರ್ಷವಾಗಿದ್ದರೂ ಅತ್ತೆಯ ಹಾಸಿಗೆಯ ಮೇಲೆ ಅವಳು ಕೂತದ್ದು ಅದೇ ಮೊದಲು.

“ಏಳು.”

“ಏಳಲ್ಲ. ಎಳೀರಿ ನೋಡೋಣ, ಇಬ್ಬರನ್ನೂ ಸೇರಿಸಿ ಎಳೀರಿ.”

ಗಂಡ ಅವಳ ಮುಖವನ್ನೇ ನೋಡಿದ. ಎದುರು ಮಾತಾಡುವ ಹೆಂಡತಿ ಅಲ್ಲ ಅವಳು. ಮುಷ್ಟಿ ಸಡಿಲಿಸಿದ. “ಸರಿ, ಇಬ್ಬರೂ ಮಲಗಿ. ಅಂಗಡಿಗೆ ನಾನು, ಅಡುಗೆಗೆ ನಾನು, ಎಲ್ಲಕ್ಕೂ ನಾನೇ ಇದೀನಲ್ಲ,” ಅಂತ ಗೊಣಗುತ್ತ ಮೆಟ್ಟಿಲಿಳಿದು ಹೋದ. ಮಲಗಿದ್ದವರು ತಿರುಗಿ ನೋಡಲಿಲ್ಲ. ತಮ್ಮ ವಿಷಯ ಮಾತಾಡಿದ್ದು ಅಂತಲೇ ಅವರಿಗೆ ತಿಳಿದ ಹಾಗೆ ಕಾಣಲಿಲ್ಲ.

ಅದು ಹಾಸಿಗೆ ಹೊಲಿಯುವವರ ಮನೆ. ಕೆಳಗೆ ಅಂಗಡಿ, ಹಿಂದೆ ಹತ್ತಿ ಹಿಂಜುವ ಯಂತ್ರದ ಕೋಣೆ, ಮೇಲೆ ವಾಸ. ಜನ ತಮ್ಮ ಹಳೇ ಹಾಸಿಗೆಗಳನ್ನು ತಂದು ಹಾಕುತ್ತಿದ್ದರು. ವರ್ಷಗಟ್ಟಲೆ ಮಲಗಿ ಮಲಗಿ ಒಳಗಿನ ಹತ್ತಿ ಗಂಟು ಗಂಟಾಗಿ ಕಲ್ಲಿನ ಹಾಗೆ ಕೂತಿರುತ್ತಿತ್ತು. ಗವಸು ಬಿಚ್ಚಿ, ಗಂಟುಗಳನ್ನು ಬೆರಳಿನಲ್ಲೇ ಬಿಡಿಸಿ, ಯಂತ್ರಕ್ಕೆ ಕೊಟ್ಟು ಹಿಂಜಿ, ಬಿಸಿಲು ಕಾಣಿಸಿ, ಮತ್ತೆ ತುಂಬಿ, ಉದ್ದನೆಯ ದಬ್ಬಣದಲ್ಲಿ ಮೇಲಿನಿಂದ ಕೆಳಕ್ಕೆ ದಾರ ಎಳೆದು ಬಿಗಿದರೆ ಹಾಸಿಗೆ ಹೊಸದಾಗುತ್ತಿತ್ತು. ದಬ್ಬಣದ ಕೆಲಸ ಅತ್ತೆಯದು. ಮೂವತ್ತನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಆ ದಬ್ಬಣ ಹಿಡಿದೇ ಮಗನನ್ನು ಸಾಕಿದವರು ಅವರು. ಬೀದಿಯಲ್ಲಿ ಅವರಿಗೆ ದಬ್ಬಣದಮ್ಮ ಅಂತಲೇ ಹೆಸರು. ಕೈಯಲ್ಲಿರುವ ದಬ್ಬಣಕ್ಕೆ ಆ ಹೆಸರೋ, ನಾಲಿಗೆಯ ಮೇಲಿರುವ ದಬ್ಬಣಕ್ಕೋ ಅಂತ ಎದುರಂಗಡಿಯ ಬೀಗ ರಿಪೇರಿಯವನು ಬಂದ ಗಿರಾಕಿಗಳನ್ನೆಲ್ಲ ಕೇಳುತ್ತಿದ್ದ.

ಆ ಮನೆಗೆ ಒಂದು ಕಟ್ಟುನಿಟ್ಟಿತ್ತು. ಬೆಳಕು ಹರಿಯುವ ಹೊತ್ತಿಗೆ ಅವರವರ ಹಾಸಿಗೆ ಅವರವರೇ ಸುತ್ತಿ ಗೋಡೆಗೆ ನಿಲ್ಲಿಸಬೇಕು. ನಾಲ್ಕು ಜನರ ಹಾಸಿಗೆ ಮಾಡಿಕೊಡುವವರು ಹಗಲು ಹೊತ್ತು ಹಾಸಿಗೆಯ ಮೇಲೆ ಕಾಣಿಸಬಾರದು, ಕಂಡರೆ ಕೈಯಲ್ಲಿ ಕೆಲಸ ನಿಲ್ಲುವುದಿಲ್ಲ... ಹೀಗೆ ಅತ್ತೆ ನಂಬಿದ್ದರು. ಜ್ವರ ಬಂದಾಗಲೂ ಅವರು ಗೋಡೆಗೆ ಒರಗಿ ಕೂತೇ ಹತ್ತಿ ಬಿಡಿಸಿದವರು. ಅಂಥವರು ಒಂಬತ್ತು ದಿನದಿಂದ ಹಾಸಿಗೆ ಸುತ್ತಿರಲಿಲ್ಲ.

ಸೊಸೆಗೆ ಮೊದಲ ದಿನವೇ ಅನುಮಾನ ಬಂದಿತ್ತು. ಮೂರನೆಯ ದಿನಕ್ಕೆ ಖಚಿತವಾಯಿತು. ಯಾಕೆಂದರೆ ಹನ್ನೊಂದು ವರ್ಷದ ಹಿಂದೆ ಹೀಗೆಯೇ ಗೋಡೆಗೆ ಮುಖ ಮಾಡಿ ಮಲಗಿದ್ದವಳು ಅವಳೇ.

ಆಗ ಮಗಳು ಹುಟ್ಟಿ ನಾಲ್ಕು ತಿಂಗಳು. ಹೆರಿಗೆ ಸುಸೂತ್ರವಾಗಿತ್ತು, ಮಗು ಗುಂಡುಗುಂಡಾಗಿತ್ತು, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಅವಳಿಗೆ ಏಳಲು ಆಗುತ್ತಿರಲಿಲ್ಲ. ಎಚ್ಚರವಾಗುತ್ತಿತ್ತು. ಏಳಬೇಕು ಅಂತ ತಲೆ ಹೇಳುತ್ತಿತ್ತು, ಆ ಮಾತು ಕಾಲಿಗೆ ಮುಟ್ಟುತ್ತಿರಲಿಲ್ಲ. ಮಗು ಅಳುವುದು ಕೇಳಿಸುತ್ತಿತ್ತು, ಪಕ್ಕದ ಬೀದಿಯಲ್ಲಿ ಯಾರದೋ ಮಗು ಅತ್ತ ಹಾಗೆ. ಒದ್ದೆ ಹತ್ತಿಯ ಮೂಟೆಯೊಂದನ್ನು ಎದೆಯ ಮೇಲೆ ಯಾರೋ ಇಳಿಸಿ, ತೆಗೆಯುವುದನ್ನು ಮರೆತು ಹೋದ ಹಾಗೆ ಇರುತ್ತಿತ್ತು. ದುಃಖವೇ ಅಂತ ಕೇಳಿದ್ದರೆ ಅಲ್ಲ ಅನ್ನುತ್ತಿದ್ದಳು. ದುಃಖವಾಗಿದ್ದರೆ ಅಳಬಹುದಿತ್ತು... ತಾನು ಕೆಟ್ಟ ತಾಯಿ, ಯಾರಿಗೂ ಬೇಡದ ಹೆಂಗಸು, ತಾನು ಇಲ್ಲದಿದ್ದರೆ ಎಲ್ಲರಿಗೂ ಹಗುರ ಅಂತ ಒಳಗೇ ಒಂದು ದನಿ ದಿನವಿಡೀ ಹೇಳುತ್ತಿತ್ತು. ಆ ದನಿ ಅವಳದೇ ಆಗಿತ್ತು. ಅದಕ್ಕೇ ನಂಬಿದಳು.

“ನಾವೂ ಹೆತ್ತಿದೀವಿ ಮಾರಾಯ್ತಿ, ಲೋಕದಲ್ಲಿ ನೀನೊಬ್ಬಳೇ ಅಲ್ಲ,” ಅಂದಿದ್ದರು ಅತ್ತೆ. “ಮಗು ತೊಟ್ಟಿಲಲ್ಲಿ ಬಾಯಿ ಬಿಡ್ತಿದೆ, ಮಹಾರಾಣಿ ಮಲಗಿದಾಳೆ. ಸೋಮಾರಿತನ ಮೈಗೆ ಹತ್ತಿದ್ರೆ ಸುಮ್ಮನೆ ಬಿಡೋದಿಲ್ಲ ಅದು. ಕಿತ್ತೇ ಹಾಕ್ಬೇಕು.”

ಒಂದು ಬೆಳಿಗ್ಗೆ ತಾಯಿ ಮಗ ಸೇರಿ ಎರಡು ಕಡೆ ಹಿಡಿದು ಅವಳ ಕೆಳಗಿನ ಹಾಸಿಗೆಯನ್ನು ಎಳೆದರು. ಅವಳು ನೆಲಕ್ಕೆ ಉರುಳಿದಳು. ಮನೆ ತುಂಬ ಹಾಸಿಗೆ, ಅಂಗಡಿಯಲ್ಲಿ ಸೂರಿನ ತನಕ ಹಾಸಿಗೆ, ಅವಳಿಗೆ ಮಾತ್ರ ಬರೀ ನೆಲ. ಎರಡು ದಿನ ಆ ನೆಲದ ಮೇಲೆ ಮಲಗಿದ್ದು, ಮೂರನೆಯ ದಿನ ಎದ್ದಳು. ಹೇಗೆ ಎದ್ದಳೆಂದು ಅವಳಿಗೇ ಗೊತ್ತಿಲ್ಲ. ಹೆದರಿಕೆ ಎಬ್ಬಿಸಿತು ಅನ್ನಬೇಕು. ಎದ್ದು ಅಂಗಡಿಗೆ ಇಳಿದಳು, ಹತ್ತಿ ಬಿಡಿಸಿದಳು, ಮಗುವಿಗೆ ಹಾಲು ಕೊಟ್ಟಳು. “ನೋಡಿದ್ಯಾ? ಒಂದೇ ಎಳೆತ,” ಅಂತ ಅತ್ತೆ ಬಂದವರಿಗೆಲ್ಲ ಹೇಳಿದರು.

ಎದ್ದಳು, ನಿಜ. ಆದರೆ ವಾಸಿಯಾಗಲಿಲ್ಲ. ಎರಡು ವರ್ಷ ಅವಳು ಆ ಒದ್ದೆ ಮೂಟೆಯನ್ನು ಹೊತ್ತುಕೊಂಡೇ ಓಡಾಡಿದಳು. ಮಗಳು ಮೊದಲ ಹೆಜ್ಜೆ ಇಟ್ಟದ್ದು ಯಾವ ದಿನ ಅಂತ ಅವಳಿಗೆ ನೆನಪಿಲ್ಲ. ಮಗಳ ಮೊದಲ ಮಾತು ಯಾವುದು ಅಂತ ಗೊತ್ತಿಲ್ಲ. ಅಲ್ಲಿದ್ದಳು, ನೋಡಿದ್ದಳು, ಒಳಗೆ ಇಳಿದಿರಲಿಲ್ಲ. ಅಷ್ಟು ದಿನವೂ ಮನೆಯವರು ಅವಳು ಸರಿಹೋದಳು ಅಂದುಕೊಂಡಿದ್ದರು. ಆಮೇಲೆ ಮೂಟೆ ತಾನಾಗಿಯೇ ಒಣಗುತ್ತ ಬಂತು. ಪೂರ್ತಿ ಇಳಿಯಲಿಲ್ಲ.

ಮಗಳಿಗೆ ಐದು ವರ್ಷದ ಚುಚ್ಚುಮದ್ದು ಹಾಕಿಸಲು ಸರ್ಕಾರಿ ಆಸ್ಪತ್ರೆಗೆ ಹೋದಾಗ ಗೋಡೆಯ ಮೇಲೊಂದು ಕಾಗದ ಅಂಟಿಸಿದ್ದರು. ಖಿನ್ನತೆ ಒಂದು ಕಾಯಿಲೆ ಅಂತ ಮೇಲೆ ಬರೆದಿತ್ತು, ಕೆಳಗೆ ಹತ್ತು ಪ್ರಶ್ನೆ. ಸಾಲಿನಲ್ಲಿ ನಿಂತುಕೊಂಡೇ ಒಂದೊಂದಾಗಿ ಓದಿದಳು. ಹತ್ತಕ್ಕೂ ಹೌದು. ಬೆರಳು ಮಡಿಸಿ ಎಣಿಸಿದ್ದರಿಂದ ಎರಡು ಮುಷ್ಟಿಯೂ ಮುಚ್ಚಿಹೋದವು. ಹಾಗಾದರೆ ಅದಕ್ಕೊಂದು ಹೆಸರಿತ್ತು, ಮದ್ದೂ ಇತ್ತು. ತಾನು ಸೋಮಾರಿ ಅಲ್ಲ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾರು ಒಪ್ಪುತ್ತಾರೆ? ಅಂದಿನಿಂದ ಅವಳಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಒಂದೇ ಮಾತು. ಆಗ ನಿನಗೆ ಕಾಯಿಲೆಯಾಗಿತ್ತು, ನಮಗೆ ತಿಳಿಯಲಿಲ್ಲ... ಅಷ್ಟು ಸಾಕು. ಆ ಮಾತು ಹೇಳಿದರೆ ಬೆಲೆ ಬರುವಂಥ ಬಾಯಿ ಲೋಕದಲ್ಲಿ ಒಂದೇ. ಅತ್ತೆಯದು. ಅದು ಈಗ ಗೋಡೆಯ ಕಡೆ ತಿರುಗಿ ಮುಚ್ಚಿಕೊಂಡಿತ್ತು.

ಮಧ್ಯಾಹ್ನ ಅಂಗಡಿಗೆ ಇಳಿದು ಗಂಡನಿಗೆ ಹೇಳಿದಳು. “ರೀ, ಅತ್ತೆಗೆ ಆಗಿರೋದು ಕಾಯಿಲೆ. ಮನಸ್ಸಿನ ಡಾಕ್ಟರಿಗೆ ತೋರಿಸ್ಬೇಕು.”

ಗಂಡ ಯಂತ್ರ ನಿಲ್ಲಿಸಿದ. ಹುಬ್ಬಿನ ತುಂಬ ಹತ್ತಿಯ ನವಿರು. “ಹುಚ್ಚಾಸ್ಪತ್ರೆಗಾ? ನಮ್ಮಮ್ಮನ್ನ?”

“ಹುಚ್ಚು ಯಾರಿಗೂ ಹಿಡಿದಿಲ್ಲ. ನನಗೆ ಆಗಿದ್ದೂ ಇದೇ.”

“ನಿನಗೇನಾಗಿತ್ತು? ನೀನು ಎದ್ದೆ.”

“ಎದ್ದೆ. ವಾಸಿಯಾಗಲಿಲ್ಲ.”

“ಎದ್ದು ಓಡಾಡ್ತಿದೀಯ, ಉಣ್ತೀಯ, ಕೆಲಸ ಮಾಡ್ತೀಯ. ಇನ್ನು ವಾಸಿ ಅಂದ್ರೆ ಏನು, ಕುಣೀಬೇಕಾ?” ಅವನು ಕೆಟ್ಟವನಲ್ಲ. ಅರ್ಥವಾಗದ್ದನ್ನು ನಗೆಯಾಡಿ ದಾಟುವ ಜಾತಿಯ ಮನುಷ್ಯ. “ಅಮ್ಮನಿಗೆ ಏನು ಕಡಿಮೆಯಾಗಿದೆ ಹೇಳು. ನಾನು ಕುಡೀತೀನಾ? ನೀನು ಎದುರಾಡ್ತೀಯಾ? ಮೊಮ್ಮಗಳು ಚೆನ್ನಾಗಿ ಓದ್ತಿದಾಳೆ. ಕಾರಣ ಬೇಡ್ವಾ ಒಂದು?”

ಎದುರಂಗಡಿಯ ಬೀಗದವನು ಅಷ್ಟರಲ್ಲಿ ಇಣುಕಿದ. “ಏನಪ್ಪಾ, ದಬ್ಬಣದಮ್ಮನ ಬೈಗುಳ ಇಲ್ಲದೆ ಹತ್ತು ದಿನ ಆಯ್ತು, ನಮಗೆ ಅನ್ನ ಸೇರ್ತಿಲ್ಲ. ಊರಿಗೆ ಹೋಗಿದಾರಾ?”

“ಹೂಂ, ನೆಂಟರ ಮನೆಗೆ,” ಅಂದ ಗಂಡ.

“ಹೇಳಿ ಕಳಿಸು, ಬೀದಿಯಲ್ಲಿ ಎಲ್ಲರೂ ಕೆಟ್ಟುಹೋಗ್ತಿದೀವಿ ಅಂತ.”

ಅವನು ಹೋದ ಮೇಲೆ ಗಂಡ ಹೆಂಡತಿ ಇಬ್ಬರೂ ಮೇಲಿನ ಕೋಣೆಯ ಕಡೆ ನೋಡಿದರು. ಸುಳ್ಳು ಹೇಳಿದ್ದು ಅವನ ಮುಖವನ್ನು ಕೆಡಿಸಿತ್ತು.

ಅವನನ್ನು ಒಪ್ಪಿಸಿದ್ದು ಹೆಂಡತಿಯ ಮಾತಲ್ಲ. ಮರುದಿನ ಸಂಜೆ ಅವನು ಹಾಲಿನ ಲೋಟ ಹಿಡಿದು ತಾಯಿಯ ಪಕ್ಕ ಕೂತಾಗ ಅವರು ಹತ್ತು ದಿನದಲ್ಲಿ ಮೊದಲ ಬಾರಿಗೆ ಉದ್ದನೆಯ ಮಾತೊಂದು ಆಡಿದರು. “ಈ ಕೋಣೆ ನಿನ್ನ ಮಗಳಿಗಾಗುತ್ತೆ ಕಣೋ. ಓದ್ಕೊಳ್ಳೋಕೆ ಜಾಗ ಇಲ್ಲ ಪಾಪ. ನಾನು ಎಷ್ಟು ದಿನ ಅಂತ ತುಂಬ್ಕೊಂಡಿರ್ಲಿ...” ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟಿರಲಿಲ್ಲ. ಬಾಡಿಗೆ ಮನೆ ಖಾಲಿ ಮಾಡುವವರು ಮಾತಾಡುವ ಹಾಗೆ ಹೇಳಿದರು. ಮಗ ಹಾಲಿನ ಲೋಟವನ್ನು ಅಲ್ಲೇ ನೆಲದ ಮೇಲಿಟ್ಟ. ಕೆಳಗೆ ಬಂದು, “ನಾಳೆ ಹೋಗೋಣ,” ಅಂದ ಹೆಂಡತಿಗೆ. ಅಷ್ಟೇ ಅಂದ.

ಡಾಕ್ಟರಮ್ಮನಿಗೆ ಸೊಸೆಯದೇ ವಯಸ್ಸಿರಬಹುದು. ಅವಸರವಿಲ್ಲದ ಹೆಂಗಸು. ಪೆನ್ನು ಪಕ್ಕಕ್ಕಿಟ್ಟು ಅತ್ತೆಯ ಕಡೆ ಕುರ್ಚಿ ಎಳೆದುಕೊಂಡರು. “ಅಮ್ಮಾ, ಅಳು ಬರುತ್ತಾ?”

“ಬಂದ್ರೆ ಒಳ್ಳೇದಿತ್ತು,” ಅಂದರು ಅತ್ತೆ.

“ಬದುಕು ಸಾಕು ಅನ್ನಿಸುತ್ತಾ?”

ಮಗ ಕುರ್ಚಿಯಲ್ಲಿ ಮಿಸುಕಾಡಿದ. ಅತ್ತೆ ತಲೆ ಅಲ್ಲಾಡಿಸಿದರು, ಹೌದು ಅಂತ.

ಡಾಕ್ಟರಮ್ಮ ಆಮೇಲೆ ಅತ್ತೆಯನ್ನು ಹೊರಗೆ ನರ್ಸಿನ ಜೊತೆ ಕೂರಿಸಿ, ಗಂಡ ಹೆಂಡತಿಯನ್ನು ಮಾತ್ರ ಒಳಗೆ ಉಳಿಸಿಕೊಂಡರು. ಇದು ಕಾಯಿಲೆ, ಸಕ್ಕರೆ ಕಾಯಿಲೆಯ ಹಾಗೆ, ಮೂಳೆ ಮುರಿದ ಹಾಗೆ, ಕಾರಣ ಇದ್ದೂ ಬರುತ್ತದೆ, ಇಲ್ಲದೆಯೂ ಬರುತ್ತದೆ ಅಂದರು. ಮಾತ್ರೆ ಇವತ್ತು ನುಂಗಿದರೆ ನಾಳೆ ಏಳುವುದಿಲ್ಲ, ಮೂರು ನಾಲ್ಕು ವಾರ ಹಿಡಿಯುತ್ತದೆ, ಆ ವಾರಗಳು ಕಷ್ಟ. ಚೆನ್ನಾಗಿದ್ದೀನಿ ಅಂತ ಅವರೇ ಹೇಳಿದರೂ ನನ್ನನ್ನು ಕೇಳದೆ ನಿಲ್ಲಿಸಬೇಡಿ. ಮಾತ್ರೆ ನಿಮ್ಮ ಹತ್ತಿರ ಇಟ್ಟುಕೊಂಡು ನೀವೇ ಕೊಡಿ. ಒಬ್ಬರನ್ನೇ ಬಿಡಬೇಡಿ. ಸಾಯುವ ಮಾತು ಬಂದರೆ ಬಾಯಿ ಮುಚ್ಚಿಸಬೇಡಿ, ಕೂತು ಕೇಳಿ, ಆಮೇಲೆ ಕೂಡಲೇ ಕರೆದುಕೊಂಡು ಬನ್ನಿ. ಯಾಕೆ ಹೀಗಿದ್ದೀಯ ಅಂತ ಕೇಳಬೇಡಿ, ಅದು ಅವರಿಗೇ ಗೊತ್ತಿಲ್ಲ. ಮುಖ ತೊಳೆಯೋಣ ಬಾ ಅನ್ನಿ, ಬಿಸಿಲಿಗೆ ಹತ್ತು ಹೆಜ್ಜೆ ಹೋಗೋಣ ಅನ್ನಿ. ಶುರುವಾಗಿ ಮುಗಿಯುವಂಥ ಒಂದು ಚಿಕ್ಕ ಕೆಲಸ ಕೈಗೆ ಕೊಡಿ.

“ಇನ್ನೊಂದು,” ಅಂದರು ಬಾಗಿಲ ತನಕ ಬಂದು, ಸೊಸೆಯ ಕಡೆ ನೋಡಿ. “ಎಲ್ಲಾ ತಪ್ಪೂ ತನ್ನದೇ ಅನ್ನಿಸೋದು ಈ ಕಾಯಿಲೆಯ ಗುಣ. ಹಳೇದನ್ನೆಲ್ಲ ಕೆದಕ್ತಾರೆ. ಆಗ ನೀವು ಅದಕ್ಕೆ ಸೌದೆ ಹಾಕಬೇಡಿ. ಹಾಕಿದ್ರೆ ನನ್ನ ಮಾತ್ರೆ ಸಾಲೋದಿಲ್ಲ.”

ಸೊಸೆ ಹೂಂ ಅಂದಳು.

ಮಾತ್ರೆ ಬಂತು. ನುಂಗುವವರಾರು? ಮೊದಲ ದಿನ ಅತ್ತೆ ತುಟಿ ಬಿಗಿದುಕೊಂಡರು. ಎರಡನೆಯ ದಿನ ಕೆನ್ನೆಯೊಳಗೆ ಇಟ್ಟುಕೊಂಡು ಆಮೇಲೆ ಉಗಿದರು. “ಸೋಮಾರಿತನಕ್ಕೆ ಮಾತ್ರೆ ಇದೆಯೇನೆ?” ಅಂದರು ಸೊಸೆಗೆ, ತಣ್ಣಗೆ. “ಡಾಕ್ಟರಿಗೆ ನಾಚಿಕೆ ಇಲ್ಲ, ಕೊಡ್ತಾರೆ. ನಿನಗಾದ್ರೂ ಬೇಡ್ವಾ?” ಮಗ ಗದರಿದ, ಬೇಡಿಕೊಂಡ. ಮೊಮ್ಮಗಳು ಬಂದು, “ಅಜ್ಜಿ, ನಾನು ಜ್ವರಕ್ಕೆ ನುಂಗಲ್ವಾ, ನೋಡು ಹೀಗೆ,” ಅಂತ ಬಾಯಿ ತೆರೆದು ತೋರಿಸಿದಳು. ಅಜ್ಜಿ ಅವಳ ಕೆನ್ನೆ ಸವರಿ, ಮತ್ತೆ ಗೋಡೆಯ ಕಡೆ ತಿರುಗಿದರು. ಹೀಗೆ ಒಂದು ವಾರ ಹೋಯಿತು. ಅತ್ತೆಯ ಕುತ್ತಿಗೆಯ ಮೂಳೆ ಎದ್ದು ಕಾಣತೊಡಗಿತು. ಊಟದ ತಟ್ಟೆ ಹೇಗೆ ಹೋಗುತ್ತಿತ್ತೋ ಹಾಗೇ ಬರುತ್ತಿತ್ತು.

ಒಬ್ಬರನ್ನೇ ಬಿಡಬಾರದು ಅಂದಿದ್ದರಲ್ಲ, ಸೊಸೆ ಕೆಲಸವನ್ನೇ ಮೇಲಕ್ಕೆ ತಂದು, ಅತ್ತೆಯ ಬಾಗಿಲಲ್ಲಿ ಕೂತು ಹತ್ತಿ ಬಿಡಿಸುತ್ತಿದ್ದಳು. ಒಂದು ಭಾನುವಾರ ಅವಳು ಕೆಳಗೆ ಹೋಗಲೇಬೇಕಾಯಿತು. ಆಸ್ಪತ್ರೆಯೊಂದರ ಹದಿನೆಂಟು ಹಾಸಿಗೆ ಒಟ್ಟಿಗೆ ಬಂದಿದ್ದವು, ಇಳಿಸಲು ಕೈ ಸಾಲದು. ಗಂಡನನ್ನು ಅತ್ತೆಯ ಬಳಿ ಕೂರಿಸಿ ಇಳಿದಳು. ಗಾಡಿಯವನು ಕೂಗಿದ ಅಂತ ಸ್ವಲ್ಪ ಹೊತ್ತಿಗೇ ಗಂಡನೂ ಇಳಿದು ಬಂದ. “ನಿದ್ದೆ ಮಾಡ್ತಿದಾರೆ, ಎರಡು ನಿಮಿಷ,” ಅಂದ. ಎರಡು ನಿಮಿಷ ಅಂದದ್ದು ಒಂದು ತಾಸಾಯಿತು.

ಸೊಸೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು.

ಅತ್ತೆ ನೆಲದ ಮೇಲಿದ್ದರು. ಹಾಸಿಗೆ ಅರ್ಧ ಮಡಚಿಕೊಂಡು ಬಾಗಿಲ ಹತ್ತಿರ ಬಿದ್ದಿತ್ತು. ಅಷ್ಟು ದೂರ ಅದನ್ನು ಕಾಲಿನಿಂದ ತಳ್ಳಿದ್ದರು. ಬರೀ ನೆಲದ ಮೇಲೆ ಮೊಣಕಾಲು ಮಡಚಿ, ಪಕ್ಕಕ್ಕೆ ಮಲಗಿ, ಕಣ್ಣು ತೆರೆದುಕೊಂಡಿದ್ದರು. ಉಸಿರಾಡುತ್ತಿದ್ದರು. ಸೊಸೆ ಅಲ್ಲೇ ಕುಸಿದು ಕೂತು ಅವರ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು.

“ಬಿದ್ರಾ ಅತ್ತೆ? ಎಲ್ಲಿ ಪೆಟ್ಟಾಯ್ತು?”

“ಬೀಳಲಿಲ್ಲ. ನಾನೇ ಎಳ್ಕೊಂಡೆ.”

“ಯಾಕೆ?”

“ನೀವ್ಯಾರೂ ಎಳೀಲಿಲ್ವಲ್ಲ.” ಅತ್ತೆಯ ತುಟಿ ಒಣಗಿ ಬಿಳಿಚಿಕೊಂಡಿತ್ತು. “ಆಗಿನಿಂದ ನೆಲದ ಮೇಲೇ ಇದೀನಿ. ಏಳೋಕೆ ಆಗ್ತಿಲ್ಲ ಕಣೆ. ನೀನು ಎದ್ದೆ. ಅವತ್ತು ನೀನು ಎದ್ದೆ... ಹೇಗೆ ಎದ್ದೆ? ನನಗೆ ಹೇಳಿಕೊಡು.”

ಹನ್ನೊಂದು ವರ್ಷದಲ್ಲಿ ಅತ್ತೆ ಆ ದಿನದ ಬಗ್ಗೆ ಸೊಸೆಯನ್ನು ಕೇಳಿದ ಮೊದಲ ಪ್ರಶ್ನೆ ಅದು. ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ನಾನು ಏಳಲಿಲ್ಲ ಅತ್ತೆ. ನೀವು ನೋಡಿದ್ದು ನನ್ನ ಮೈ ಎದ್ದದ್ದನ್ನು. ನನಗೂ ನಿಮಗಿರುವ ಈ ಕಾಯಿಲೆಯೇ ಇತ್ತು, ನೀವು ಹಾಸಿಗೆ ಎಳೆದಿರಿ... ಎಷ್ಟು ಸಲ ಹತ್ತಿ ಬಿಡಿಸುತ್ತ ಈ ಮಾತುಗಳನ್ನು ಒಳಗೊಳಗೇ ಆಡಿ ನೋಡಿದ್ದಳೋ. ಕೇಳಬೇಕಾದವರು ಈಗ ಅವಳ ತೊಡೆಯ ಮೇಲೇ ತಲೆಯಿಟ್ಟು, ಕಿವಿಗೊಟ್ಟು ಕಾಯುತ್ತಿದ್ದರು. ಹೇಳಿದ್ದರೆ ನಂಬುತ್ತಿದ್ದರು ಕೂಡ. ಅವತ್ತೊಂದು ದಿನ ನಂಬುತ್ತಿದ್ದರು.

ನಂಬಿದ ಮೇಲೆ? ಆ ಕಣ್ಣುಗಳನ್ನು ನೋಡಿದಳು. ಅವುಗಳ ಹಿಂದೆ ಏನು ನಡೆಯುತ್ತದೆ ಅಂತ ಆ ಮನೆಯಲ್ಲಿ ತಿಳಿದವಳು ಅವಳೊಬ್ಬಳೇ. ಎಲ್ಲ ತಪ್ಪೂ ನಿನ್ನದೇ ಅನ್ನುವ ದನಿ ಅಲ್ಲಿ ದಿನವಿಡೀ ಕೂಗುತ್ತಿರುತ್ತದೆ. ಆ ದನಿಯ ಕೈಗೆ ಇದೊಂದನ್ನು ಕೊಟ್ಟರೆ ಅದು ಈ ಮುದುಕಿಯನ್ನು ಉಳಿಸುತ್ತದೆಯೇ?

“ಅತ್ತೆ,” ಅಂದಳು. “ನಂದು ಸೋಮಾರಿತನ. ಮೈಗಳ್ಳತನ. ಹಾಸಿಗೆ ಎಳೆದ್ರೆ ಹೋಗೋವಂಥದ್ದು. ನೀವು ಎಳೆದ್ರಿ, ಹೋಯ್ತು. ನಿಮ್ಮದು ಹಾಗಲ್ಲ. ಡಾಕ್ಟರಮ್ಮ ಹೇಳಿದ್ರಲ್ಲ, ನಿಮ್ಮದು ಕಾಯಿಲೆ. ಇದು ನೆಲದ ಮೇಲೆ ಮಲಗಿದ್ರೆ ಹೋಗೋದಿಲ್ಲ. ಮಾತ್ರೆ ನುಂಗಿದ್ರೆ ಹೋಗುತ್ತೆ.”

ಅತ್ತೆ ಅವಳ ಮುಖವನ್ನು ದಿಟ್ಟಿಸಿದರು. ಸುಮಾರು ಮೂರು ವಾರಗಳ ಮೇಲೆ ಆ ಕಣ್ಣು ಒಂದು ಕಡೆ ನಿಂತು ನೋಡಿದ್ದು.

“ಹಾಗಾದ್ರೆ... ನಾನು ನಿನಗೆ ಮಾಡಿದ್ದು ತಪ್ಪಲ್ಲ ತಾನೆ?”

ಎಷ್ಟು ದಿನದಿಂದ ಆ ಪ್ರಶ್ನೆ ಅವರನ್ನು ತಿನ್ನುತ್ತಿತ್ತೋ, ಯಾರಿಗೆ ಗೊತ್ತು. ಕೇಳುವಾಗ ಸೊಸೆಯ ಮಣಿಕಟ್ಟನ್ನು ಹಿಡಿದುಕೊಂಡಿದ್ದರು, ಮೇಲಕ್ಕೆ ಎಳೆಯಿರಿ ಅನ್ನುವವರ ಹಾಗೆ.

“ತಪ್ಪಲ್ಲ ಅತ್ತೆ. ಒಳ್ಳೇದೇ ಮಾಡಿದ್ರಿ.”

ಬಾಗಿಲಲ್ಲಿ ಗಂಡ ನಿಂತಿದ್ದ. ಅವನ ತೋಳಿನ ಕೆಳಗಿನಿಂದ ಮಗಳು ನೋಡುತ್ತಿದ್ದಳು. ಇಬ್ಬರೂ ಕೇಳಿಸಿಕೊಂಡಿದ್ದರು. ಗಂಡನ ಮುಖದ ಮೇಲೆ ಏನೋ ಹಗುರಾದದ್ದನ್ನು ಅವಳು ಕಂಡಳು. ಅವತ್ತು ಆ ಕಡೆ ತುದಿ ಹಿಡಿದವನು ಅವನೇ ಅಲ್ಲವೇ.

“ಮಾತ್ರೆ ಕೊಡು,” ಅಂದರು ಅತ್ತೆ.

ಆಮೇಲಿನ ದಿನಗಳು ಬಹಳ ನಿಧಾನ. ಎರಡು ವಾರ ಏನೂ ಆಗಲಿಲ್ಲ. ಬಾಯಿ ಒಣಗುತ್ತದೆ, ತಲೆ ತಿರುಗುತ್ತದೆ, ಬೇಡ ಅಂದರು. ಸೊಸೆ ಬಿಡಲಿಲ್ಲ. ಪ್ರತಿ ಬೆಳಿಗ್ಗೆ ಬಿಸಿನೀರು ತಂದು ಮುಖ ಒರೆಸಿದಳು. ಮೂರನೆಯ ವಾರ ಅತ್ತೆ ತಾವೇ ಎದ್ದು ಹೋಗಿ ಮುಖ ತೊಳೆದು ಬಂದರು. ಅದರ ಮರುದಿನ ಮತ್ತೆ ಏಳಲಿಲ್ಲ. “ಮುಗೀತು, ಮತ್ತೆ ಶುರು,” ಅಂತ ಗಂಡ ತಲೆ ಮೇಲೆ ಕೈ ಹೊತ್ತ. ಹೀಗೇ ಇರುತ್ತದೆ, ಒಂದು ಹೆಜ್ಜೆ ಮುಂದೆ ಒಂದು ಹಿಂದೆ, ನೀವು ದಿನ ಎಣಿಸಬೇಡಿ, ಅಂದಳು ಸೊಸೆ. ಒಂದು ದಿಂಬಿಗೆ ಆಗುವಷ್ಟೇ ಹತ್ತಿಯನ್ನು ಅತ್ತೆಯ ಮುಂದೆ ಇಟ್ಟಳು. ಅದಕ್ಕಿಂತ ಜಾಸ್ತಿ ಇಡುತ್ತಿರಲಿಲ್ಲ. ಅದು ಮುಗಿಯಲು ಮೂರು ದಿನ ಹಿಡಿಯಿತು. ಮುಗಿದಾಗ ಅತ್ತೆ ಆ ದಿಂಬನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಸಂತೋಷ ಅಂತಲ್ಲ. ಏನೋ ಒಂದು ಮುಗಿಯಿತು, ಅಷ್ಟೇ.

ಆರನೆಯ ವಾರಕ್ಕೆ ಅಂಗಡಿಗೆ ಇಳಿದು ಕುರ್ಚಿಯ ಮೇಲೆ ಕೂತರು. ದಬ್ಬಣ ಹಿಡಿಯುವ ಶಕ್ತಿ ಬರಲಿಲ್ಲ, ಇನ್ನು ಬರುತ್ತದೆ ಅನ್ನುವ ಆಸೆಯೂ ಯಾರಿಗೂ ಇರಲಿಲ್ಲ. ಬೀಗದವನು ಓಡಿ ಬಂದ. “ನೆಂಟರ ಮನೆ ಊಟ ಮೈಗೆ ಹಿಡಿಸಲಿಲ್ಲ ನೋಡಿ, ಹೇಗೆ ಇಳಿದುಹೋಗಿದೀರ.”

“ನೆಂಟರೂ ಇಲ್ಲ, ಮಣ್ಣೂ ಇಲ್ಲ. ಕಾಯಿಲೆ ಬಿದ್ದಿದ್ದೆ,” ಅಂದರು ಅತ್ತೆ. “ಮನಸ್ಸಿನ ಕಾಯಿಲೆ. ಮಾತ್ರೆ ತಗೋತಿದೀನಿ. ಸೋಮಾರಿತನ ಅಲ್ಲ ಮತ್ತೆ. ಸೋಮಾರಿತನ ಅಂದ್ರೆ ನಮ್ಮ ಇವಳಿಗೆ ಬಂದಿತ್ತಲ್ಲ, ಅದು. ಅವಳೇ ಒಪ್ಕೊಂಡಿದಾಳೆ ಕೇಳಿ ಬೇಕಾದ್ರೆ.”

ಸೊಸೆ ಗವಸು ಬಿಚ್ಚುತ್ತಿದ್ದಳು. ಬೀಗದವನು ಅವಳ ಕಡೆ ನೋಡಿ ನಕ್ಕ. ಅವಳೂ ನಕ್ಕಳು.

ಆ ಮಾತು ಬೀದಿಯಲ್ಲಿ ಉಳಿಯಿತು. ಬೈಯುವುದಕ್ಕೆ ಅತ್ತೆ ಹೇಳುತ್ತಿರಲಿಲ್ಲ. ತಮ್ಮ ಕಾಯಿಲೆಯನ್ನು ನಾಲ್ಕು ಜನಕ್ಕೆ ತಿಳಿಸಿ ಹೇಳಲು ಅವರಿಗೆ ಒಂದು ಹೋಲಿಕೆ ಬೇಕಾಗಿತ್ತು, ಅದು ಸೊಸೆಯಲ್ಲಿ ಸಿಕ್ಕಿತ್ತು. ಮಗಳೂ ಒಂದು ದಿನ ಜಡೆ ಹಾಕಿಸಿಕೊಳ್ಳುತ್ತ ಕೇಳಿದಳು. “ಅಮ್ಮಾ, ನಾನು ಪಾಪು ಆಗಿದ್ದಾಗ ನೀನು ನನ್ನ ಎತ್ಕೋತಾನೇ ಇರ್ಲಿಲ್ವಂತೆ? ಅಷ್ಟು ಸೋಮಾರಿಯಂತೆ?”

“ಹೂಂ. ಅಲ್ಲಾಡ್ಬೇಡ, ಬೈತಲೆ ಸೊಟ್ಟ ಆಗುತ್ತೆ.”

“ಯಾಕಮ್ಮಾ ಎತ್ಕೋಲಿಲ್ಲ?”

ಬಾಚಣಿಗೆ ಒಂದು ಗಳಿಗೆ ಕೂದಲಲ್ಲೇ ನಿಂತಿತು. “ಗೊತ್ತಾಗಲಿಲ್ಲ ಕಂದಾ,” ಅಂದಳು. ಮಗಳು ಆ ದಿನ ಶಾಲೆಗೆ ಹೋಗುವಾಗ ತಿರುಗಿ ನೋಡಲಿಲ್ಲ.

ಇತ್ತೀಚೆಗೆ ಸೊಸೆಗೆ ಬೆಳಿಗ್ಗೆ ಎಚ್ಚರವಾದ ಮೇಲೆ ಸ್ವಲ್ಪ ಹೊತ್ತು ಹಾಗೇ ಮಲಗಿರಬೇಕಾಗುತ್ತಿತ್ತು. ಮೊದಲು ಎರಡು ನಿಮಿಷ. ಆಮೇಲೆ ಹತ್ತು. ಅತ್ತೆಯ ಕೋಣೆಯಿಂದ ಕೆಮ್ಮು ಕೇಳಿದರೆ, ಬಿಸಿನೀರು ಕಾಯಿಸಬೇಕಲ್ಲ ಅಂತ ಮೈಯನ್ನು ಎಬ್ಬಿಸುತ್ತಿದ್ದಳು. ಹೆಸರು ಗೊತ್ತಿತ್ತು, ಮದ್ದು ಯಾವುದೆಂದು ಗೊತ್ತಿತ್ತು, ಡಾಕ್ಟರಮ್ಮನ ಬಾಗಿಲು ಗೊತ್ತಿತ್ತು. ಆದರೆ ತನ್ನ ಬಾಯಿಂದಲೇ ತನ್ನದು ಸೋಮಾರಿತನ ಅಂತ ಹೇಳಿಯಾಗಿತ್ತು. ಈಗ ಅದೇ ನನಗೆ ಮತ್ತೆ ಬಂದಿದೆ, ಅದು ಕಾಯಿಲೆ ಅಂದರೆ, ಅತ್ತೆ ಕೂಡಿಸಿ ನೋಡುವುದಿಲ್ಲವೇ? ಇದು ಕಾಯಿಲೆಯಾದರೆ ಅದೂ ಕಾಯಿಲೆ. ಅದು ಕಾಯಿಲೆಯಾದರೆ ನಾನು ಅವಳ ಹಾಸಿಗೆ ಎಳೆದದ್ದು... ಅತ್ತೆಯ ಬುದ್ಧಿ ಚುರುಕು. ಮಾತ್ರೆಯ ಮೇಲೆ ನಿಂತಿರುವ ಜೀವ. ಅಷ್ಟು ಲೆಕ್ಕ ಹಾಕಿದ ದಿನ ಅದು ಉಳಿಯುತ್ತದೆ ಅನ್ನುವ ಧೈರ್ಯ ಸೊಸೆಗೆ ಇರಲಿಲ್ಲ.

ಎರಡು ತಿಂಗಳು ತುಂಬಿದಾಗ ಮೂವರೂ ಡಾಕ್ಟರಮ್ಮನ ಮುಂದೆ ಕೂತರು. ಅತ್ತೆ ತಾವಾಗಿಯೇ ಮಾತಾಡಿದರು. ನಿದ್ದೆ ಬರುತ್ತಿದೆ, ಊಟ ಅರ್ಧ ಸೇರುತ್ತಿದೆ, ಸಾಯುವ ಯೋಚನೆ ವಾರಕ್ಕೊಮ್ಮೆ ಬಂದು ಹೋಗುತ್ತದೆ, ಕೂರುವುದಿಲ್ಲ. ಡಾಕ್ಟರಮ್ಮ ತಲೆದೂಗಿ ಬರೆದುಕೊಂಡರು. ಪೂರ್ತಿ ಮೊದಲಿನ ಹಾಗೆ ಆಗದಿರಬಹುದು, ಇಷ್ಟು ಉಳಿಸಿಕೊಳ್ಳೋಣ, ವರ್ಷವಾದರೂ ಮಾತ್ರೆ ಬಿಡಬೇಡಿ ಅಂದರು. ಆಮೇಲೆ ಸೊಸೆಯ ಕಡೆ ತಿರುಗಿದರು.

“ನಿಮಗೊಂದು ಮಾತು ಕೇಳ್ಬೇಕಿತ್ತು. ಸಾಮಾನ್ಯವಾಗಿ ಮನೆಯವರು ನಾಲ್ಕೈದು ತಿಂಗಳು ಬೈದು, ಗದರಿ, ಎಲ್ಲಾ ಆದ್ಮೇಲೆ ಇಲ್ಲಿಗೆ ಬರ್ತಾರೆ. ನೀವು ಹತ್ತೇ ದಿನಕ್ಕೆ ಬಂದ್ರಿ. ಹೇಗೆ ಗೊತ್ತಾಯ್ತು? ಮೊದಲು ಯಾರಲ್ಲಾದ್ರೂ ನೋಡಿದ್ರಾ?”

ಅತ್ತೆ ಸೊಸೆಯ ಕಡೆ ನೋಡಿದರು. ಗಂಡ ಮಾತ್ರೆಯ ಚೀಟಿ ಮಡಚುತ್ತಿದ್ದ.

“ಪಕ್ಕದ ಮನೇಲಿ ಒಬ್ಬಳಿದ್ದಳು,” ಅಂದಳು ಸೊಸೆ. “ತುಂಬ ಹಿಂದೆ.”

“ಚಿಕಿತ್ಸೆ ಆಯ್ತಾ ಅವಳಿಗೆ?”

“ಇಲ್ಲ.”

“ಈಗ ಹೇಗಿದ್ದಾಳೆ?”

ಕೋಣೆಯ ಹೊರಗೆ ಯಾರದೋ ಸರದಿಯ ಸಂಖ್ಯೆ ಕೂಗುತ್ತಿದ್ದರು.

“ಓಡಾಡ್ಕೊಂಡಿದಾಳೆ.”

ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದರು. “ಒಂದು ಸಲ ಕರ್ಕೊಂಡು ಬನ್ನಿ. ಎಷ್ಟು ವರ್ಷ ಆಗಿದ್ರೂ ಪರವಾಗಿಲ್ಲ ಅಂತ ಹೇಳಿ.”

“ಹೇಳ್ತೀನಿ.”

ಹೊರಗೆ ಬಂದ ಮೇಲೆ ಅತ್ತೆಗೆ ಮೆಟ್ಟಿಲಿಳಿಯಲು ಸೊಸೆ ತೋಳು ಕೊಟ್ಟಳು. ಗಂಡ ಮುಂದೆ ಇಳಿಯುತ್ತಿದ್ದವನು ತಿರುಗಿ, “ಪಕ್ಕದ ಮನೇಲಿ ಯಾರೇ ಅದು? ನನಗೆ ನೆನಪಿಗೇ ಬರ್ತಿಲ್ಲ,” ಅಂದ.

“ನಿಮಗೆ ಗೊತ್ತಿಲ್ಲ ಬಿಡಿ,” ಅಂದಳು ಅವಳು. “ಮುಂದೆ ನೋಡ್ಕೊಂಡು ಇಳೀರಿ.”

“ಪಾಪ,” ಅಂದರು ಅತ್ತೆ, ಅವಳ ತೋಳನ್ನು ಬಿಗಿಯಾಗಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತ. “ಯಾರ ಮನೆ ಹೆಣ್ಣೋ ಏನೋ. ಹೇಳೋರು ಕೇಳೋರು ಇರ್ಲಿಲ್ಲ ಅನ್ಸುತ್ತೆ ಅದಕ್ಕೆ.”